ಏಳು ಹುಣಸೆ ಬೀಜ ಎಣಿಸಿದ ಮಗುವಿಗೆ ಎಷ್ಟು ಅಂಕ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ ಎಂಟು ತಿಂಗಳು, ಎಲ್‌ಕೆಜಿಯಲ್ಲಿದ್ದಾಳೆ. ಶಾಲೆಯಲ್ಲಿ ನಡೆದ ಲಿಖಿತ ಪರೀಕ್ಷೆಯಲ್ಲಿ ಗಣಿತಕ್ಕೆ 25ಕ್ಕೆ 11 ಅಂಕ ಬಂದಿದೆ. ಮನೆಯಲ್ಲಿ ಇಪ್ಪತ್ತರವರೆಗೆ ಸರಾಗವಾಗಿ ಹೇಳುತ್ತಾಳೆ. ಅವಳನ್ನು ಮನೆಪಾಠಕ್ಕೆ ಹಾಕಬೇಕೆ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಆ ವಯಸ್ಸಿನ ಮಗುವಿನ ಮುಂದೆ ಪ್ರಶ್ನೆಪತ್ರಿಕೆ ಇಡುವುದೇ ತಪ್ಪು. 2022ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಇಷ್ಟು ಎಳೆಯ ಮಕ್ಕಳಿಗೆ ಪರೀಕ್ಷೆ ತಕ್ಕುದಲ್ಲವೆಂದೇ ಹೇಳುತ್ತದೆ. ಪೆನ್ಸಿಲ್ ಹಿಡಿಯಲು ಬೆರಳುಗಳು ಇನ್ನೂ ಪಳಗದ ಮಗು ಎಣಿಕೆಯಲ್ಲಿ ಸೋತಿತೋ, ಬರೆಯುವುದರಲ್ಲಿ ಸೋತಿತೋ, ಅಥವಾ ಪ್ರಶ್ನೆ ಏನೆಂದೇ ತಿಳಿಯದೆ ಸುಮ್ಮನೆ ಕುಳಿತಿತೋ ಎಂಬುದನ್ನು 11 ಎಂಬ ಅಂಕೆ ತಿಳಿಸುವುದಿಲ್ಲ. ತಿಳಿಸದ ಮೇಲೆ, ನಾಳೆ ಅವಳಿಗೆ ಏನು ಕಲಿಸಬೇಕೆಂಬುದೂ ಅದರಿಂದ ಗೊತ್ತಾಗುವುದಿಲ್ಲ.

ನೀವೇ ಒಂದು ಸಂಜೆ ಏಳು ಹುಣಸೆ ಬೀಜಗಳನ್ನು ಸಾಲಾಗಿ ಇಟ್ಟು ಎಣಿಸಲು ಹೇಳಿ. ಬೆರಳು ಒಂದು ಬೀಜದ ಮೇಲಿರುವಾಗಲೇ ಬಾಯಿ ಎರಡು ಸಂಖ್ಯೆ ಹೇಳಿಬಿಟ್ಟರೆ, ಅವಳಿಗೆ ಸಂಖ್ಯೆಗಳ ಪಾಠ ಬಂದಿದೆಯೇ ಹೊರತು ಎಣಿಕೆ ಇನ್ನೂ ಬಂದಿಲ್ಲ. ಸರಿಯಾಗಿ ಏಳಕ್ಕೆ ಮುಟ್ಟಿದ ಮೇಲೆ ‘ಒಟ್ಟು ಎಷ್ಟಿವೆ?’ ಎಂದು ಕೇಳಿ. ಉತ್ತರ ಹೇಳುವ ಬದಲು ಅವಳು ಮತ್ತೆ ಒಂದರಿಂದ ಎಣಿಸತೊಡಗಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಇನ್ನೂ ಹೊಳೆದಿಲ್ಲ ಎಂದು ತಿಳಿಯಬಹುದು. ಆಗ ಮಾಡಬೇಕಾದ ಕೆಲಸವೂ ಸ್ಪಷ್ಟ: ‘ಅಪ್ಪನಿಗೆ ಮೂರು ಚಮಚ ತಂದುಕೊಡು’, ‘ಎಲ್ಲರಿಗೂ ಒಂದೊಂದು ತಟ್ಟೆ ಹಾಕು’ ಎನ್ನುತ್ತ ಮನೆಗೆಲಸದಲ್ಲಿ ಸೇರಿಸಿಕೊಳ್ಳುವುದು, ಚೌಕಾಬಾರದಲ್ಲಿ ಕವಡೆ ಬಿದ್ದಷ್ಟು ಮನೆ ಕಾಯಿ ನಡೆಸಲು ಬಿಡುವುದು. ಇನ್ನೊಂದು ಮಾತು. ಅದೇ ಬೀಜಗಳನ್ನು ದೂರದೂರ ಹರಡಿದಾಗ ‘ಈಗ ಜಾಸ್ತಿ ಆಯಿತು’ ಎಂದು ಅವಳು ಹೇಳಿದರೆ ಗಾಬರಿಯಾಗಬೇಡಿ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಅದು ದಡ್ಡತನವಲ್ಲ, ವಯಸ್ಸಿನ ಸಹಜ ನೋಟ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. 28 ಮಕ್ಕಳಿದ್ದಾರೆ. ಪ್ರತಿ ಮಗುವಿನ ಕಲಿಕೆಯನ್ನು ನಿರಂತರವಾಗಿ ದಾಖಲಿಸಿ ಎನ್ನುತ್ತಾರೆ. ಅಡುಗೆ, ತೂಕ, ಮನೆಭೇಟಿಗಳ ನಡುವೆ ಸಮಯ ಸಾಲದೆ ತಿಂಗಳ ಕೊನೆಗೆ ಒಂದೇ ದಿನ ಕುಳಿತು ಎಲ್ಲರ ಹಾಳೆಗೂ ಗುರುತು ಹಾಕುತ್ತೇನೆ. ಇದರಿಂದ ಪ್ರಯೋಜನವಿದೆಯೆ?
— ಒಬ್ಬ ಕಾರ್ಯಕರ್ತೆ, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಪ್ರಾಮಾಣಿಕತೆಗೆ ವಂದನೆಗಳು. ಹಾಗೆ ಹಾಕಿದ ಗುರುತುಗಳಿಂದ ಪ್ರಯೋಜನವಿಲ್ಲ, ಆದರೆ ತಪ್ಪು ನಿಮ್ಮೊಬ್ಬರದಲ್ಲ. ರೂಪಣಾತ್ಮಕ ಮೌಲ್ಯಮಾಪನ ಎಂಬ ಹೆಸರು ಕೇಳಲು ಭಾರವಾದರೂ ಅದರ ಅರ್ಥ ಸರಳವಾಗಿದೆ: ಕಲಿಕೆ ನಡೆಯುತ್ತಿರುವಾಗಲೇ ಗಮನಿಸಿ, ಗಮನಿಸಿದ್ದಕ್ಕೆ ತಕ್ಕಂತೆ ಮುಂದಿನ ಚಟುವಟಿಕೆಯನ್ನು ಬದಲಿಸಿಕೊಳ್ಳುವುದು. ಯಾವ ಬದಲಾವಣೆಗೂ ದಾರಿಯಾಗದ ದಾಖಲೆ, ಎಷ್ಟು ಅಂದವಾಗಿ ತುಂಬಿದ್ದರೂ, ಮೌಲ್ಯಮಾಪನವಾಗುವುದಿಲ್ಲ.

ದಿನಕ್ಕೆ ಐದೇ ಮಕ್ಕಳನ್ನು ಆರಿಸಿಕೊಳ್ಳಿ. ವಾರದ ಆರು ದಿನಗಳಲ್ಲಿ ಎಲ್ಲರೂ ಒಂದು ಸುತ್ತು ಬರುತ್ತಾರೆ. ಒಬ್ಬರಿಗೆ ಎರಡು ಸಾಲು ಸಾಕು. ಆದರೆ ‘ಚುರುಕು’, ‘ಸುಮಾರು’, ‘ಹಠಮಾರಿ’ ಎಂದು ಬರೆಯದೆ ಮಗು ಮಾಡಿದ್ದನ್ನು, ಆಡಿದ್ದನ್ನು ಬರೆಯಿರಿ. ಒಂದು ಮಾದರಿ ಕೊಡುತ್ತೇನೆ: ‘ಗುಂಡಿಗಳನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸಿದ. ತೂತು ಎಣಿಸಿ ವಿಂಗಡಿಸು ಎಂದಾಗ ಮತ್ತೆ ಬಣ್ಣಕ್ಕೇ ಮರಳಿದ. ಬಣ್ಣದ ಹೆಸರನ್ನು ಲಂಬಾಣಿಯಲ್ಲಿ ಹೇಳಿದ.’ ಈ ಮೂರು ವಾಕ್ಯಗಳಲ್ಲಿ ಎಷ್ಟೊಂದು ಸಂಗತಿಗಳಿವೆ ನೋಡಿ. ಒಂದು ಗುಣವನ್ನು ಹಿಡಿದು ವಿಂಗಡಿಸುವುದು ಅವನಿಗೆ ಬರುತ್ತದೆ. ಅದನ್ನು ಬಿಟ್ಟು ಇನ್ನೊಂದು ಗುಣಕ್ಕೆ ಹೊರಳುವುದು ಇನ್ನೂ ಬಂದಿಲ್ಲ. ಹಾಗಾಗಿ ನಾಳೆ ಒಂದೇ ಬಣ್ಣದ, ಎರಡು ಮತ್ತು ನಾಲ್ಕು ತೂತಿನ ಗುಂಡಿಗಳನ್ನಷ್ಟೇ ಕೊಟ್ಟರೆ ಕಣ್ಣು ತಾನಾಗಿ ತೂತಿನ ಕಡೆಗೆ ಹೋಗುತ್ತದೆ. ಬಣ್ಣದ ಅರಿವು ಅವನಿಗಿದೆ, ಕನ್ನಡದ ಪದವೊಂದೇ ಇಲ್ಲ. ಅಚ್ಚಾದ ಹಾಳೆಯಲ್ಲಿ ಅದೇ ಹುಡುಗನ ಎದುರು ‘ಬಣ್ಣ ಗುರುತಿಸುವುದಿಲ್ಲ’ ಎಂಬ ಗುರುತು ಬೀಳುತ್ತಿತ್ತು. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಆಡುವ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಆಗುತ್ತಿರುವ ಅನ್ಯಾಯಗಳಲ್ಲಿ ಇದು ದೊಡ್ಡದು ಎಂಬುದು ನನ್ನ ದೃಢವಾದ ಅನಿಸಿಕೆ.

ಮಕ್ಕಳ ಚಿತ್ರಗಳಿಗೆ ದಿನಾಂಕ ಬರೆದು ತೆಗೆದಿಡಿ. ಜೂನ್‌ನ ಗೀಚು ಮತ್ತು ನವೆಂಬರ್‌ನ ಮನುಷ್ಯನ ಚಿತ್ರ ಅಕ್ಕಪಕ್ಕ ಇದ್ದರೆ ತಾಯಂದಿರ ಸಭೆಯಲ್ಲಿ ನೀವು ಹೆಚ್ಚು ವಿವರಿಸಬೇಕಾಗುವುದಿಲ್ಲ. ನಮಗೆ ಇದು ಹೊಸ ದಾರಿಯೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತಿತ್ತು; ಯಾರು ಯಾವ ಮೆಟ್ಟಿಲಲ್ಲಿದ್ದಾರೆಂದು ಶಿಕ್ಷಕರಿಗೆ ದಿನವೂ ತಿಳಿಯುತ್ತಿತ್ತು.

ಪ್ರಶ್ನೆ: ಮೂರೂವರೆ ವರ್ಷದ ಮೊಮ್ಮಗ ಎರಡು ಪದ ಕೂಡಿಸಿ ಮಾತನಾಡುವುದಿಲ್ಲ. ಟೀಚರ್ ‘ನಿಧಾನವಾಗಿ ಬರುತ್ತದೆ’ ಎನ್ನುತ್ತಾರೆ. ಕಾಯಬಹುದೆ?
— ಒಬ್ಬ ಅಜ್ಜಿ, ಹಾಸನ

ಉತ್ತರ: ಕಾಯಬೇಡಿ. ತರಗತಿಯ ಗಮನಿಕೆ ಕಲಿಸುವುದಕ್ಕೆ ದಾರಿ ತೋರಿಸಬಲ್ಲದು, ಆದರೆ ಅದು ವೈದ್ಯಕೀಯ ತಪಾಸಣೆಗೆ ಬದಲಿಯಾಗದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೋಗುವಾಗ ಮಗು ಆಡುವ ಪದಗಳು, ಹಿಂದಿನಿಂದ ಕರೆದಾಗ ತಿರುಗುತ್ತಾನೆಯೇ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನೆಯೇ ಎಂಬುದನ್ನು ಒಂದು ವಾರ ಗಮನಿಸಿ ಬರೆದುಕೊಂಡು ಹೋಗಿ. ಟೀಚರ್‌ಗೂ ಅಷ್ಟನ್ನೇ ಬರೆದುಕೊಡಲು ಕೇಳಿ. ವೈದ್ಯರಿಗೆ ಆ ಹಾಳೆ ಬಹಳ ನೆರವಾಗುತ್ತದೆ.