ಮಾಸ್ಟ್ರಿಗೊಂದು ಪತ್ರ: ಬೋರ್ಡಿನ ಮೇಲೆ ಯಾರ ಹೆಸರು?

ಜೂನ್ ಮಧ್ಯದಲ್ಲಿ ಶಾಲೆ ಶುರುವಾಗುತ್ತದೆ. ಜುಲೈ ಬಂತೆಂದರೆ ನನ್ನ ಟಪಾಲಿನಲ್ಲಿ ಮಾನಿಟರ್, ಹೆಡ್ ಬಾಯ್, ಕ್ಯಾಪ್ಟನ್ ಅಂತ ಇವೇ ಪತ್ರಗಳು. ಈ ಸಲ ನಾಲ್ಕನ್ನು ಆರಿಸಿದ್ದೇನೆ. ಮಕ್ಕಳ ವಿಷಯವಾದ್ದರಿಂದ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇನೆ.

ಪ್ರಶ್ನೆ: ಮಾಸ್ಟ್ರೇ, ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು. ಈ ವರ್ಷ ಅವಳನ್ನು ಮಾನಿಟರ್ ಮಾಡಿದ್ದಾರೆ. ಮೊದಲ ದಿನ ಬ್ಯಾಜ್ ಹಾಕಿಕೊಂಡೇ ಊಟಕ್ಕೆ ಕೂತಿದ್ದಳು. ಈಗ ಶಾಲೆಗೇ ಹೋಗುವುದಿಲ್ಲ ಅಂತ ಅಳುತ್ತಾಳೆ. ಟೀಚರ್ ಇಲ್ಲದ ಪೀರಿಯಡ್‌ನಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಬೇಕಂತೆ. ಕೈಗೆ ಒಂದು ಫೂಟ್‌ಪಟ್ಟಿ ಬೇರೆ ಕೊಟ್ಟಿದ್ದಾರೆ. ಗೆಳತಿಯರು ಮಾತು ಬಿಟ್ಟಿದ್ದಾರೆ. ಡಬ್ಬಾ ಒಬ್ಬಳೇ ತಿನ್ನುತ್ತಾಳೆ. 'ಲೀಡರ್ ಅಂದ್ಮೇಲೆ ಇದೆಲ್ಲ ಇದ್ದದ್ದೇ' ಅನ್ನುತ್ತಾರೆ ಇವರು. ಮಾನಿಟರ್‌ಗಿರಿ ಬಿಡಿಸಲಾ?
ಒಬ್ಬ ತಾಯಿ, ಮುಲುಂಡ್

ಉತ್ತರ: ಬೇಡಮ್ಮ, ಮಾನಿಟರ್‌ಗಿರಿ ಇರಲಿ. ಬಿಡಿಸಬೇಕಾದದ್ದು ಪಟ್ಟಿಯನ್ನು. ಫೂಟ್‌ಪಟ್ಟಿಯನ್ನೂ, ಹೆಸರಿನ ಪಟ್ಟಿಯನ್ನೂ.

ಫೂಟ್‌ಪಟ್ಟಿಯ ವಿಷಯ ಬೇಗ ಮುಗಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಟೀಚರೇ ಹೊಡೆಯುವಂತಿಲ್ಲ. ಮತ್ತೆ ಹದಿಮೂರು ವರ್ಷದ ಹುಡುಗಿಯ ಕೈಗೆ ಅದು ಯಾಕೆ? ಬೆಂಚು ಬಡಿಯಲಿಕ್ಕೆ ಅಂತಾರೆ. ಬೆಂಚಿನ ಮೇಲೆ ಬೆರಳೂ ಇರುತ್ತವಲ್ಲ.

ಹೆಸರಿನ ಪಟ್ಟಿಯ ವಿಷಯದಲ್ಲಿ ನಾನೇ ತಪ್ಪಿತಸ್ಥ. ಹಗಲು ಮುಂಬಯಿ ಮುನ್ಸಿಪಾಲಿಟಿಯ ಕನ್ನಡ ಶಾಲೆ, ಸಂಜೆ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆ, ಹೀಗೆ ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ನಾನು. ಹಗಲು ಶಾಲೆಯಲ್ಲಿ ಎಷ್ಟು ಪಟ್ಟಿ ಬರೆಸಿದ್ದೇನೋ ಲೆಕ್ಕವಿಲ್ಲ. ಮಾತಾಡಿದರೆ ಹೆಸರು, ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಗುಣಾಕಾರದ ಗುರುತು. ನಾನು ವಾಪಸು ಬರುವ ಹೊತ್ತಿಗೆ ಕೆಲವು ಹೆಸರು ಮಾಯ. ಪೆಪ್ಪರಮಿಂಟು ಕೊಟ್ಟವರದ್ದು. ಅಂಗೈಯಲ್ಲಿ ಒರೆಸಿದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಕಂಡರೂ ನಾನು ಸುಮ್ನೆ ಇರುತ್ತಿದ್ದೆ. ಉಳಿದ ಹೆಸರಿನವರಿಗೆ ಶಿಕ್ಷೆ.

ನನ್ನ ಕಣ್ಣು ತೆರೆಸಿದ್ದು ರಾತ್ರಿ ಶಾಲೆಯ ಒಬ್ಬ ಹುಡುಗ. ಕುಂದಾಪುರದ ಕಡೆಯವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ಸಂಜೆ ತಲೆಗೆ ನೀರು ಹಚ್ಚಿ ಬಾಚಿಕೊಂಡು ಕ್ಲಾಸಿಗೆ. ಅವನನ್ನೇ ಮಾನಿಟರ್ ಮಾಡಿದೆ. 'ಆಫೀಸಿಗೆ ಹೋಗಿ ಬರ್ತೇನೆ, ಹೆಸರು ಬರೆದಿಡು' ಅಂದೆ. ಬಂದು ನೋಡಿದರೆ ಬೋರ್ಡಿನ ಮೇಲೆ ನಾಲ್ಕು ಹೆಸರು. ನಾಲ್ವರೂ ಆ ದಿನ ಕ್ಲಾಸಿಗೇ ಬಂದಿರಲಿಲ್ಲ! ಏನೋ ಇದು ಅಂತ ಗದರಿಸಿದೆ. 'ಬಂದವ್ರು ಇಲ್ಲೇ ಇದ್ರಲ್ಲ ಸರ್. ಬರದಿದ್ದವ್ರ ಹೆಸರು ಬರ್ದಿದ್ದೆ' ಅಂದ. ತಮಾಷೆಯಲ್ಲ, ಅವನು ನಿಜವಾಗಿ ಹಾಗೇ ಅರ್ಥ ಮಾಡಿಕೊಂಡಿದ್ದ. ಜೇಬಿನಿಂದ ಹೋಟೆಲಿನ ಹಳೇ ಬಿಲ್ಲೊಂದನ್ನು ತೆಗೆದು ತೋರಿಸಿದ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಆ ನಾಲ್ಕು ಹೆಸರು, ಪಕ್ಕದಲ್ಲಿ ಕಾರಣ: ಡ್ಯೂಟಿ ಬದಲಿ, ಜ್ವರ, ಊರಿಗೆ. ನಾಲ್ಕನೆಯವನ ಮುಂದೆ ಏನೂ ಇರಲಿಲ್ಲ.

ಅವತ್ತು ಕ್ಲಾಸು ಬಿಟ್ಟ ಮೇಲೆ ನಾವಿಬ್ಬರೂ ಆ ನಾಲ್ಕನೆಯವನನ್ನು ಹುಡುಕಿಕೊಂಡು ಹೋದೆವು. ಹೋಟೆಲಿನ ಅಟ್ಟದ ಮೇಲೆ ಮಲಗಿದ್ದ. ಕೈಗೆ ಬಿಸಿ ಎಣ್ಣೆ ಚೆಲ್ಲಿ ಮೂರು ದಿನವಾಗಿತ್ತು, ಯಾರೂ ಡಾಕ್ಟರಿಗೆ ತೋರಿಸಿರಲಿಲ್ಲ. ಆ ಹೋಟೆಲಿನ ಹೆಸರು ಈಗ ಬೇಡ.

ಅದಕ್ಕೇ ಹೇಳಿದ್ದು, ನಿಮ್ಮ ಮಗಳ ಪಟ್ಟಿ ಬದಲಾಗಲಿ. ಶಾಲೆಯ ಕ್ಯಾಲೆಂಡರ್‌ನಲ್ಲಿ, ಅಂದರೆ ಡೈರಿಯಲ್ಲಿ, ದೂರು ಬರೆದು ಕಳಿಸಬೇಡಿ, ನಾಲ್ಕು ಮಂದಿ ಓದುತ್ತಾರೆ. ಪ್ರಿನ್ಸಿಪಾಲರ ಹತ್ತಿರವೂ ಮೊದಲೇ ಹೋಗಬೇಡಿ. ಕ್ಲಾಸ್ ಟೀಚರನ್ನು ಒಬ್ಬರೇ ಇರುವಾಗ ಕಂಡು ಕೇಳಿ: ಮಾತಾಡಿದವರ ಬದಲು ಬಾರದವರನ್ನು ಇವಳು ನೋಡಿಕೊಳ್ಳಲಿ, ಆಗಬಹುದಾ? ಯಾರು ಬಂದಿಲ್ಲ, ಯಾಕೆ ಬಂದಿಲ್ಲ, ನೋಟ್ಸ್ ಯಾರು ಕೊಡುತ್ತಾರೆ. ಈ ಮಳೆಯಲ್ಲಿ ಲೋಕಲ್ ರೈಲು ನಿಂತರೆ ಅರ್ಧ ಕ್ಲಾಸು ಖಾಲಿ, ಕೆಲಸಕ್ಕೇನೂ ಬರವಿಲ್ಲ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಟೀಚರ್‌ಗೂ ಅದೇ ಬೇಕಾಗಿರುತ್ತದೆ. ಗಲಾಟೆ ಆದರೆ? ಆಗಲಿ ಬಿಡಿ. ಟೀಚರ್ ಇಲ್ಲದ ಕ್ಲಾಸು ಗಲಾಟೆ ಮಾಡದಿದ್ದರೆ ನನಗೆ ಹೆದರಿಕೆ.

ನಿಮ್ಮ ಯಜಮಾನರಿಗೂ ಒಂದು ಮಾತು. ಈ ಮಾನಿಟರ್ ಪದ್ಧತಿಗೆ ಹೆಸರು ಬಂದದ್ದು ಎಲ್ಲಿಂದ ಗೊತ್ತಾ? ಮದರಾಸಿನಿಂದ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಅಲ್ಲಿ ಅನಾಥ ಹುಡುಗರ ಶಾಲೆ ನಡೆಸುತ್ತಿದ್ದ. ಊರಿನ ಶಾಲೆಯ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ನೋಡಿ ಅದನ್ನು ತನ್ನ ಶಾಲೆಗೂ ತಂದ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸಿದ. 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ತಂದ. ಅಲ್ಲಿನವರು ಅದನ್ನು ಮದರಾಸು ಪದ್ಧತಿ ಅಂತಲೇ ಕರೆದರು. ನಮ್ಮ ಹಳ್ಳಿಗಳ ಹಳೇ ಶಾಲೆಗಳಾದ ಕೂಲಿಮಠಗಳಲ್ಲಿ ಕೂಡ ಇದು ಇದ್ದದ್ದೇ. ಅಲ್ಲಿ ಮಾನಿಟರ್ ಅಂದರೆ ಕಿರಿಯರಿಗೆ ಅಕ್ಷರ ಹೇಳಿಕೊಡುವವನು. ಅವನನ್ನು ವಾಚ್‌ಮನ್ ಮಾಡಿದ್ದು ಆಮೇಲೆ ಬಂದ ನನ್ನಂಥವರು.

ಪ್ರಶ್ನೆ: ನನ್ನದು ಸಣ್ಣ ಹೋಟೆಲ್. ಮಗ ಒಂಬತ್ತನೇ ಕ್ಲಾಸು, ಹೆಡ್ ಬಾಯ್ ಚುನಾವಣೆಗೆ ನಿಂತಿದ್ದಾನೆ. ಎದುರಿನ ಹುಡುಗನ ಅಪ್ಪ ಶಾಲೆ ಗೇಟಿನ ಹತ್ತಿರ ಫ್ಲೆಕ್ಸ್ ಹಾಕಿಸಿದ್ದಾರೆ, ಚಾಕಲೇಟ್ ಹಂಚುತ್ತಿದ್ದಾರೆ. ನಾನೂ ಎಲ್ಲಾ ಕ್ಲಾಸಿಗೆ ಇಡ್ಲಿ ಚಟ್ನಿ ಪ್ಯಾಕ್ ಮಾಡಿಸಿ ಕಳಿಸಲಾ ಅಂತ ಯೋಚನೆ. ಮಗ ಬೇಡ ಅಂತಾನೆ. ಸೋತರೆ ಅವನಿಗೇ ಬೇಜಾರು ಅಲ್ವಾ?
ಒಬ್ಬ ತಂದೆ, ಮೀರಾ ರೋಡ್

ಉತ್ತರ: ನನ್ನ ಓಟು ನಿಮ್ಮ ಮಗನಿಗೆ. ಬೇಡ ಅಂದನಲ್ಲ, ಅದಕ್ಕೆ.

ಕಾಲೇಜು ಚುನಾವಣೆಗೆ ಲಿಂಗ್ಡೋ ಸಮಿತಿ ಅಂತ ಒಂದಿತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಅದರ ಶಿಫಾರಸು ಒಪ್ಪಿ ಜಾರಿಗೆ ತರಲು ಹೇಳಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಬಾರದು. ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದು ಮಾತ್ರ. ಈ ನಿಯಮ ಶಾಲೆಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಇಪ್ಪತ್ತು ವರ್ಷದ ಹುಡುಗರಿಗೇ ಬೇಡ ಅಂದದ್ದನ್ನು ಹದಿನಾಲ್ಕರ ಹುಡುಗನಿಗೆ ಅಪ್ಪ ಮಾಡಿಸುವುದು ಚೆಂದವಾ? ಶಾಲೆಯವರಿಗೆ ಇದನ್ನು ತೋರಿಸಿ, ಇಬ್ಬರಿಗೂ ಚಾರ್ಟ್ ಪೇಪರ್ ಮಾತ್ರ ಅಂತ ನಿಯಮ ಮಾಡಿ ಅನ್ನಿ. ನಿಮ್ಮ ಹುಡುಗನ ಪರವಾಗಿ ಅಂತಲ್ಲ, ಇಬ್ಬರಿಗೂ ಅಂತ. ಇಡ್ಲಿಯನ್ನು ಚುನಾವಣೆ ಮುಗಿದ ಮೇಲೆ ಕಳಿಸಿ, ಗೆದ್ದರೂ ಸೋತರೂ. ಚಟ್ನಿ ಬೇಡ, ಮಳೆಗಾಲದ ಸೆಖೆಯಲ್ಲಿ ಮಧ್ಯಾಹ್ನದೊಳಗೆ ಹಳಸುತ್ತದೆ. ನಿಮಗೆ ನಾನು ಹೇಳಬೇಕಾ!

ಅವನ ಭಾಷಣ ಒಮ್ಮೆ ಕೇಳಿ ನೋಡಿ. ಈಜುಕೊಳ ಕಟ್ಟಿಸ್ತೇನೆ, ಹೋಮ್‌ವರ್ಕ್ ತೆಗೆಸ್ತೇನೆ ಅಂತ ಇದ್ದರೆ ಆ ಸಾಲು ಹೊಡೆದು ಹಾಕಿಸಿ. ತಾನೇ ಮಾಡಬಲ್ಲ ಒಂದೇ ಒಂದು ಕೆಲಸ ಹೇಳಲಿ. ಐದನೇ ಕ್ಲಾಸಿನ ಹತ್ತಿರದ ನಲ್ಲಿ ಸೋರುತ್ತಿದೆಯಾ, ಅದಕ್ಕೆ ಅರ್ಜಿ ಬರೆದು ಬೆನ್ನು ಹತ್ತುತ್ತೇನೆ ಅನ್ನಲಿ.

ನಮ್ಮ ಶಾಲೆಯಲ್ಲೂ ಒಮ್ಮೆ ಭರ್ಜರಿ ಚುನಾವಣೆ ಮಾಡಿಸಿದ್ದೆ. ಬೆರಳಿಗೆ ಹಚ್ಚುವ ಅಸಲಿ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯಿಂದ ಬರುತ್ತದೆ, 1962ರ ಚುನಾವಣೆಯಿಂದಲೂ ಅಲ್ಲಿಯದೇ ಅಂದಾಗ ಮಕ್ಕಳಿಗೆ ಭಾರೀ ಹೆಮ್ಮೆ. ಆದರೆ ನಮ್ಮ ಹತ್ತಿರ ಇದ್ದದ್ದು ನೇರಳೆ ಸ್ಕೆಚ್ ಪೆನ್ನು. ಮೂವರು ನಲ್ಲಿಯಲ್ಲಿ ತೊಳೆದುಕೊಂಡು ಬಂದು ಎರಡನೇ ಓಟೂ ಹಾಕಿದ್ದರು. ಒಟ್ಟು ಮಕ್ಕಳಿಗಿಂತ ಮೂರು ಓಟು ಜಾಸ್ತಿ ಬಂದಾಗಲೇ ಗೊತ್ತಾದದ್ದು.

ಪ್ರಶ್ನೆ: ನಾನು ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹೊಸದಾಗಿ ಸೇರಿದ ಶಿಕ್ಷಕಿ. ಕರ್ನಾಟಕದ ಶಾಲೆಗಳ ಹಾಗೆ ಮಕ್ಕಳದೇ ಮಂತ್ರಿಮಂಡಲ ಮಾಡೋಣ ಅನ್ನುತ್ತಾರೆ ನಮ್ಮ ಮುಖ್ಯ ಶಿಕ್ಷಕರು. ಪ್ರತಿ ಕ್ಲಾಸಿನಲ್ಲಿ ಹತ್ತೋ ಹನ್ನೆರಡೋ ಮಕ್ಕಳು. ಎಲ್ಲರೂ ಮಂತ್ರಿಗಳೇ ಆಗಿಬಿಡುತ್ತಾರೆ ಸರ್!
ಟೀಚರ್, ಮುಂಬಯಿ

ಉತ್ತರ: ಆಗಲಿ ಬಿಡಮ್ಮ, ಪ್ರಜೆಗಳು ಪಕ್ಕದ ಮಾಧ್ಯಮದಲ್ಲಿ ಸಿಗುತ್ತಾರೆ. ನಾನು ಸುಮ್ನೆ ಹೇಳುತ್ತಿಲ್ಲ.

ಮುಂಬಯಿ ಪಾಲಿಕೆ ಎಂಟು ಮಾಧ್ಯಮದಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಎಷ್ಟೋ ಕಡೆ ಒಂದೇ ಕಟ್ಟಡದಲ್ಲಿ ಎರಡು ಮೂರು ಮಾಧ್ಯಮ. ನಮ್ಮದರಲ್ಲಿ ಕೆಳಗೆ ಮರಾಠಿ, ಮಧ್ಯೆ ತೆಲುಗು, ಮೇಲೆ ನಾವು. ಕುಡಿಯುವ ನೀರಿಗೆ ಕೆಳಗೆ ಐದು ನಲ್ಲಿ, ನೀರು ಬರುತ್ತಿದ್ದದ್ದು ಮೂರರಲ್ಲಿ. ರೀಸೆಸ್ಸಿನಲ್ಲಿ ದಿನಾ ಜಗಳ. ಒಬ್ಬ ನೂಕಿದ, ಇನ್ನೊಬ್ಬ ಬೈದ, ಬೈದದ್ದು ಯಾವ ಭಾಷೆಯಲ್ಲಿ ಅಂತ ಮತ್ತೊಂದು ಜಗಳ. ನಾವು ಮೂರು ಹೆಡ್‌ಮಾಸ್ತರರು, ಸೂಪರ್‌ವೈಸರ್ ಎಲ್ಲಾ ಸೇರಿ ಮೀಟಿಂಗ್ ಮಾಡಿದೆವು. ಏನೂ ಆಗಲಿಲ್ಲ.

ಬಗೆಹರಿಸಿದ್ದು ನಮ್ಮ ಏಳನೇ ಕ್ಲಾಸಿನ ಒಬ್ಬ ಹುಡುಗಿ. ಯಾದಗಿರಿ ಕಡೆಯವಳು, ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಮನೆಯಲ್ಲಿ ಕನ್ನಡ, ಜೋಪಡಿಯ ಅಕ್ಕಪಕ್ಕದಲ್ಲಿ ತೆಲುಗು, ಅಂಗಡಿಯಲ್ಲಿ ಮರಾಠಿ, ಹಿಂದಿ. ಜಗಳ ಹತ್ತಿದರೆ ನಡುವೆ ನಿಂತು ಇವನಿಗೆ ಅವನ ಮಾತು, ಅವನಿಗೆ ಇವನ ಮಾತು ಹೇಳುವಳು. ಬೈಗುಳವನ್ನು ಮಾತ್ರ ನುಂಗಿಬಿಡುವಳು! ಸ್ವಲ್ಪ ದಿನದಲ್ಲಿ ಅವಳೇ ಒಂದು ಪದ್ಧತಿ ಮಾಡಿದಳು: ಸೋಮವಾರ ಮೊದಲು ಮರಾಠಿಯವರು, ಮಂಗಳವಾರ ತೆಲುಗಿನವರು, ಬುಧವಾರ ನಾವು, ಮತ್ತೆ ಮೊದಲಿನಿಂದ. ಚಿಕ್ಕ ಮಕ್ಕಳಿಗೆ ಯಾವ ದಿನವೂ ಸರದಿ ಇಲ್ಲ, ಸೀದಾ ನಲ್ಲಿಗೆ. ಓದಿನಲ್ಲಿ ಅವಳು ಹಿಂದೆ. ನಮ್ಮ ಯಾವ ಚುನಾವಣೆಯಲ್ಲೂ ಅವಳ ಹೆಸರು ಬಂದಿರಲಿಲ್ಲ, ನಾನೂ ಸೂಚಿಸಿರಲಿಲ್ಲ.

ಹಾಗಾಗಿ ಖಾತೆ ಹಂಚುವ ಮೊದಲು ಹದಿನೈದು ದಿನ ರೀಸೆಸ್ಸಿನಲ್ಲಿ ಅಂಗಳಕ್ಕೆ ಇಳಿದು ನೋಡು. ಯಾವ ಕೆಲಸವನ್ನು ಯಾರು ಆಗಲೇ ಮಾಡುತ್ತಿದ್ದಾರೆ ಅಂತ. ಖಿಚಡಿ ಸಾಲಿನಲ್ಲಿ ಚಿಕ್ಕವರ ತಟ್ಟೆ ಹಿಡಿಯುವವರು ಯಾರೋ ಇದ್ದೇ ಇರುತ್ತಾರೆ. ಆಹಾರ ಮಂತ್ರಿ ಅವರೇ. ತಿಂಗಳಿಗೊಮ್ಮೆ ಖಾತೆ ಬದಲಿಸು, ಮುಖ್ಯಮಂತ್ರಿಯದ್ದೂ. ಬೆಂಗಳೂರಿನ ಸಚಿವರಿಗಿಂತ ನಿನ್ನ ಮಕ್ಕಳು ಸುಲಭವಾಗಿ ಖುರ್ಚಿ ಬಿಡುತ್ತಾರೆ.

ಪ್ರಶ್ನೆ: ನಾನು ಹತ್ತನೇ ಕ್ಲಾಸು, ಹೌಸ್ ಕ್ಯಾಪ್ಟನ್. ಎಸ್ಸೆಸ್ಸಿ ವರ್ಷ ಅಂತ ಅಮ್ಮ ನನ್ನ ಸೀಟಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಾಳೆ. ರಾಜೀನಾಮೆ ಕೊಡು ಅಂತಾಳೆ. ಏನು ಮಾಡಲಿ ಅಜ್ಜ?
ವಿದ್ಯಾರ್ಥಿ, ಡೊಂಬಿವಿಲಿ

ಉತ್ತರ: ಪೂರ್ತಿ ಬಿಡಬೇಡ, ಪೂರ್ತಿ ಹಿಡಿಯಲೂ ಬೇಡ. ದೀಪಾವಳಿ ತನಕ ನೀನು, ಆಮೇಲೆ ಒಂಬತ್ತನೆಯ ಒಬ್ಬನಿಗೆ ವಹಿಸಿಕೊಡು. ಈಗಿನಿಂದಲೇ ಅವನನ್ನು ಜೊತೆಗೆ ನಿಲ್ಲಿಸಿಕೋ. ಇಷ್ಟನ್ನು ಒಂದು ಕಾಗದದಲ್ಲಿ ಬರೆದು, ಓದುವ ಟೈಮ್‌ಟೇಬಲ್ ಪಕ್ಕದಲ್ಲಿಟ್ಟು ಅಮ್ಮನಿಗೆ ತೋರಿಸು.

ಸೀಟಿ ಎಲ್ಲಿದೆ ಅಂತ ಗೊತ್ತಿದ್ದೂ ತೆಗೆಯದೆ ನನಗೆ ಪತ್ರ ಬರೆದಿದ್ದೀಯಲ್ಲ. ಇದನ್ನೂ ಅಮ್ಮನಿಗೆ ಓದಿ ಹೇಳು. ಡಬ್ಬದ ಮುಚ್ಚಳ ಅವರೇ ತೆಗೆಯಲಿ.