ಮನೆ ಮಾರುವ ಮುಂಚೆ ಯಾವುದಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ದುಡಿದು ಕಟ್ಟಿಸಿದ ಮನೆ ಇದೆ. 30x40 ಸೈಟು, ಸುಮಾರು 40 ವರ್ಷ ಹಳೆಯದು, ರೆಡ್ ಆಕ್ಸೈಡ್ ನೆಲ. ಅಪ್ಪ ಈಗಿಲ್ಲ. ಅಮ್ಮ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾರೆ. ನಾನು, ತಂಗಿ ಸೇರಿ ಮಾರೋಣ ಅಂತಿದ್ದೇವೆ. ಟೈಲ್ಸ್, ಮಾಡ್ಯುಲರ್ ಕಿಚನ್, ಹೊಸ ಪೇಂಟ್ ಮಾಡಿಸಿದರೆ ಒಳ್ಳೆ ರೇಟು ಬರುತ್ತೆ ಅಂತಾರೆ ಬ್ರೋಕರ್. ಹಾಲ್‌ನ ಒಂದು ಗೋಡೆಯಲ್ಲಿ ತೇವ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತೇವದ ಗೋಡೆಯಿಂದ. ಟೈಲ್ಸ್, ಕಿಚನ್ ಎರಡನ್ನೂ ಬಿಡಿ.

ಕೊಳ್ಳಲು ಬರುವವರು ಈಗ ತುಂಬಾ ಹುಷಾರು. ಬೀರು ಸರಿಸಿ ಗೋಡೆ ಮುಟ್ಟಿ ನೋಡುತ್ತಾರೆ. ಬಚ್ಚಲಿನ ನಲ್ಲಿ ತಿರುಗಿಸುತ್ತಾರೆ. ಒಂದು ಕಡೆ ತೇವ ಕಂಡರೆ ಮನೆಯಿಡೀ ಹಾಗೇ ಇರಬೇಕು ಅಂದುಕೊಳ್ಳುತ್ತಾರೆ. ಸಾವಿರದ ರಿಪೇರಿಗೆ ಲಕ್ಷದ ಚೌಕಾಸಿ ಶುರುವಾಗುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ. ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿ ಕೂತಿದ್ದರೆ ಕೋಣೆಯ ಗಾಳಿಯದು. ಮುಚ್ಚಿಟ್ಟ ಮನೆಯಲ್ಲಿ ಇದು ಸಾಮಾನ್ಯ. ಕಿಟಕಿ ತೆಗೆದಿಟ್ಟರೆ ಬಹುಪಾಲು ಕಡಿಮೆಯಾಗುತ್ತದೆ.

ಗೋಡೆಯೊಳಗಿನದು ಅಂತಾದರೆ, ತೇವ ಎಷ್ಟು ಎತ್ತರದಲ್ಲಿದೆ ಅಂತ ಗಮನಿಸಿ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಇದ್ದು, ಬಿಳಿ ಉಪ್ಪು ಉದುರುತ್ತಿದ್ದರೆ ನೀರು ಕೆಳಗಿನಿಂದ ಏರುತ್ತಿದೆ. ಹೊರಗಡೆ ಹೋಗಿ ನೋಡಿ. ಗೋಡೆಗೆ ಒತ್ತಿ ಮಣ್ಣು ಪೇರಿಸಿ ಗಿಡ ನೆಟ್ಟಿರುವುದು ಹಳೆ ಮನೆಗಳಲ್ಲಿ ಜಾಸ್ತಿ. ಆ ಮಣ್ಣನ್ನು ಒಳಗಿನ ನೆಲದ ಮಟ್ಟಕ್ಕಿಂತ ಕೆಳಗೆ ಇಳಿಸಿ. ಗೋಡೆಯ ನಡುವೆ ಮಚ್ಚೆಯಂತೆ ಕಂಡರೆ ಹಿಂದಿನ ಬಚ್ಚಲು ಅಥವಾ ಪೈಪು. ಮೇಲಿನ ಮೂಲೆಯಲ್ಲಿದ್ದರೆ ತಾರಸಿ. ತಾರಸಿಯ ನೀರು ಹೋಗುವ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗಿನ ಸೂರು ನೋಡಿದರೆ ಸೋರುವ ಜಾಗ ಗೊತ್ತಾಗುತ್ತದೆ. ಸೂರಿನಲ್ಲಿ ಕಂಬಿ ಕಾಣುತ್ತಿದ್ದರೆ ಮಾತ್ರ ನೀರು ನಿಲ್ಲಿಸಬೇಡಿ. ನೇರವಾಗಿ ಎಂಜಿನಿಯರ್‌ಗೆ ತೋರಿಸಿ.

ರಿಪೇರಿ ಆದ ಮೇಲೆ ಹೊಸ ಪ್ಲಾಸ್ಟರ್‌ಗೆ ಸುಮಾರು 4 ವಾರ ಒಣಗಲು ಬಿಟ್ಟು, ಆಮೇಲೆ ಪೇಂಟ್ ಮಾಡಿಸಿ. ಹಸಿ ಗೋಡೆಗೆ ಪುಟ್ಟಿ ಬಳಿದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಎದ್ದು ಬರುತ್ತದೆ. ರಿಪೇರಿಯ ಫೋಟೋ, ಬಿಲ್ಲು ತೆಗೆದಿಟ್ಟು ಬಂದವರಿಗೆ ನೀವೇ ತೋರಿಸಿ. ಮುಚ್ಚಿಟ್ಟು ಮಾರುವುದು ತಪ್ಪು, ಕಾನೂನು ಕೂಡ ಹಾಗೇ ಹೇಳುತ್ತದೆ. ಸಾಮಾನ್ಯ ಎಚ್ಚರದಲ್ಲಿ ಕೊಳ್ಳುವವರ ಕಣ್ಣಿಗೆ ಬೀಳದ ದೊಡ್ಡ ದೋಷ ನಿಮಗೆ ಗೊತ್ತಿದ್ದರೆ ಅದನ್ನು ಹೇಳಲೇಬೇಕು ಅನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ.

ಆ ರೆಡ್ ಆಕ್ಸೈಡ್ ನೆಲವನ್ನು ದಯವಿಟ್ಟು ಟೈಲ್ಸ್ ಹಾಕಿ ಮುಚ್ಚಬೇಡಿ. ಅಂಥ ನೆಲ ತಿಕ್ಕಿ ಮಾಡುವ ಗಾರೆಯವರು ಈಗ ಸುಲಭಕ್ಕೆ ಸಿಗುವುದಿಲ್ಲ. ಸೌಮ್ಯ ಸೋಪು ನೀರಿನಲ್ಲಿ ಒರೆಸಿ, ಆಸಿಡ್ ಬೇಡವೇ ಬೇಡ. ಪೂರ್ತಿ ಒಣಗಿದ ಮೇಲೆ ಬಟ್ಟೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ತೆಳ್ಳಗೆ ಉಜ್ಜಿ, ಹೆಚ್ಚಾದದ್ದನ್ನು ಒಣ ಬಟ್ಟೆಯಲ್ಲಿ ತೆಗೆಯಿರಿ. ಇಲ್ಲದಿದ್ದರೆ ಜಾರುತ್ತದೆ. ಕೂದಲೆಳೆಯಂಥ ಬಿರುಕುಗಳನ್ನು ಹಾಗೇ ಬಿಡಿ, ತೇಪೆ ಹಾಕಿದರೆ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಇನ್ನೊಂದು ಮಾತು. ಕುವೆಂಪುನಗರದಂಥ ಕಡೆ 30x40ರ ಹಳೆ ಮನೆ ಕೊಳ್ಳುವವರಲ್ಲಿ ಕೆಡವಿ ಹೊಸದು ಕಟ್ಟುವವರೂ ಇರುತ್ತಾರೆ. ಅವರಿಗೆ ನಿಮ್ಮ ಟೈಲ್ಸ್, ಕಿಚನ್ ಎರಡೂ ದಂಡ.

ಇದೆಲ್ಲಕ್ಕಿಂತ ಮುಂಚೆ ಕಾಗದಪತ್ರ ನೋಡಿಕೊಳ್ಳಿ. ಅಪ್ಪ ಉಯಿಲು ಬರೆದಿಡದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ, ಅವರ ಸ್ವಯಾರ್ಜಿತ ಮನೆಯಲ್ಲಿ ಅಮ್ಮ, ನೀವು, ತಂಗಿ ಮೂವರಿಗೂ ಸಮಪಾಲು. ಅಪ್ಪನ ತಾಯಿ ಇದ್ದರೆ ಅವರಿಗೂ ಉಂಟು. ಎಲ್ಲರ ಸಹಿ ಬೇಕು. ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಅದರ ಡಿಜಿಟಲ್ ದಾಖಲೆಯಾದ ಇ-ಖಾತೆ ತೆಗೆದುಕೊಳ್ಳಿ. ಈಗ ಅದಿಲ್ಲದೆ ನೋಂದಣಿ ಆಗುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿಗೆ, ಅಂದರೆ ಆಸ್ತಿಯ ಋಣಭಾರ ಪತ್ರಕ್ಕೆ, ಅರ್ಜಿ ಹಾಕಿ. ಕಂದಾಯ ಕಟ್ಟಿದ ರಸೀದಿಗಳನ್ನು ಒಂದೇ ಫೈಲಿನಲ್ಲಿಡಿ. ಫೈಲು ಸರಿಯಿದ್ದರೆ ಬ್ಯಾಂಕ್ ಸಾಲ ಮಾಡಿ ಕೊಳ್ಳುವವರೂ ಧೈರ್ಯವಾಗಿ ಮುಂದೆ ಬರುತ್ತಾರೆ.

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲ್ಯಾಟ್ ಬಾಡಿಗೆಯವರು ಬಿಟ್ಟ ಮೇಲೆ ಎರಡು ತಿಂಗಳಿಂದ ಖಾಲಿ. ಬಾಗಿಲು ತೆಗೆದರೆ ಚರಂಡಿ ವಾಸನೆ. ನಲ್ಲಿಗಳ ಮೇಲೆಲ್ಲ ಬಿಳಿ ಕಲೆ. ಭಾನುವಾರ ನೋಡಲು ಬರುತ್ತಾರೆ, ಏನು ಮಾಡಲಿ?

ಉತ್ತರ: ವಾಸನೆಗೆ ಬಹುಶಃ ಒಂದು ಚೊಂಬು ನೀರೇ ಸಾಕು. ಬಚ್ಚಲಿನ ಜಾಲರಿಯ ಕೆಳಗೆ ನಹನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ನಿಂತ ನೀರೇ ಕೆಳಗಿನ ಗಾಳಿಯನ್ನು ತಡೆಯುವುದು. ಬಳಸದಿದ್ದರೆ ಆ ನೀರು ಆರಿ ವಾಸನೆ ನೇರ ಮೇಲೆ ಬರುತ್ತದೆ. ಬಚ್ಚಲು, ವಾಷ್‌ಬೇಸಿನ್, ಅಡುಗೆಮನೆ ಸಿಂಕು, ಬಟ್ಟೆ ಒಗೆಯುವ ಜಾಗ, ಎಲ್ಲ ಕಡೆ ನೀರು ಹಾಕಿ. ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಆಮೇಲೂ ವಾಸನೆ ಬಂದರೆ ಪ್ಲಂಬರ್ ಕರೆಸಿ.

ಬಿಳಿ ಕಲೆ ಬೋರ್‌ವೆಲ್ ಗಡಸು ನೀರಿನ ಸುಣ್ಣ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಅರ್ಧ ಗಂಟೆ ಸುತ್ತಿಟ್ಟು ಉಜ್ಜಿ ತೊಳೆಯಿರಿ. ಮಾರ್ಬಲ್, ಮೊಸಾಯಿಕ್ ಮೇಲೆ ಇದು ಬೀಳಬಾರದು, ಹೊಳಪು ಹೋಗುತ್ತದೆ. ಟಾಯ್ಲೆಟ್ ಆಸಿಡ್ ಮತ್ತು ಬ್ಲೀಚ್ ಒಟ್ಟಿಗೆ ಯಾವತ್ತೂ ಸುರಿಯಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೇ ಅಪಾಯ.

ಊದಿನಕಡ್ಡಿ, ರೂಮ್ ಸ್ಪ್ರೇ ಹೊಡೆದು ಕಾಯಬೇಡಿ. ಏನನ್ನೋ ಮುಚ್ಚುತ್ತಿದ್ದಾರೆ ಅನ್ನಿಸುತ್ತದೆ ಅಲ್ವಾ? ಒಂದು ಗಂಟೆ ಮುಂಚೆ ಹೋಗಿ ಕಿಟಕಿಗಳನ್ನೆಲ್ಲ ತೆಗೆದಿಡಿ, ಉರಿಯದ ಬಲ್ಬು ಬದಲಿಸಿ.

ಪ್ರಶ್ನೆ: ಆಷಾಢದಲ್ಲಿ ಯಾರೂ ಮನೆ ಕೊಳ್ಳಲ್ಲವಂತೆ. ಶ್ರಾವಣದವರೆಗೆ ಸುಮ್ನೆ ಇರಬೇಕಾ?

ಉತ್ತರ: ಅಡ್ವಾನ್ಸ್ ಕೊಡುವುದನ್ನು ಹಲವರು ಮುಂದಕ್ಕೆ ಹಾಕುತ್ತಾರೆ, ಆದರೆ ನೋಡಲು ಬರುತ್ತಾರೆ. ಸೋರುವುದೂ ಆಗಲೇ ಗೊತ್ತಾಗುವುದು. ಹಾಗಾಗಿ ಆ ತಿಂಗಳನ್ನು ತಾರಸಿ ರಿಪೇರಿಗೆ, ಖಾತೆ ಕೆಲಸಕ್ಕೆ ಬಳಸಿಕೊಳ್ಳಿ. ಮಳೆ ಬಿಡುವು ಕೊಟ್ಟು ಬಿಸಿಲು ಬಂದ ದಿನ ಪರದೆಗಳನ್ನು ಸರಿಸಿ ಎಲ್ಲ ಕೋಣೆಗಳ ಫೋಟೋ ತೆಗೆದಿಟ್ಟುಕೊಳ್ಳಿ, ಜಾಹೀರಾತಿಗೆ ಬೇಕಾಗುತ್ತದೆ.