3,35,50,336: ಐದನೆಯ ಪರಿಪೂರ್ಣ ಸಂಖ್ಯೆ

ಪ್ರಶ್ನೆ: ಪರಿಪೂರ್ಣ ಸಂಖ್ಯೆಗಳ ಪಟ್ಟಿಯಲ್ಲಿ 6, 28, 496, 8128 ಆದ ಮೇಲೆ ಒಮ್ಮೆಗೇ 3,35,50,336 ಬರುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಭಾಜಕಗಳನ್ನೆಲ್ಲ ಹುಡುಕಿ ಕೂಡಿಸದೆ ಅದು ಪರಿಪೂರ್ಣವೆಂದು ಖಚಿತಪಡಿಸಿಕೊಳ್ಳಬಹುದೇ? ನಡುವೆ ಇಷ್ಟೊಂದು ಅಂತರವೇಕೆ? ಈ ಸಂಖ್ಯೆಗೆ ಬೇರೆ ವಿಶೇಷಗಳೂ ಇವೆಯೇ?

ಉತ್ತರ: ಖಂಡಿತ ಸಾಧ್ಯ, ಕಾಗದ ಮತ್ತು ಪೆನ್ಸಿಲ್ ಇದ್ದರೆ ಸಾಕು. ಒಂದು ಸಂಖ್ಯೆಯ ಭಾಜಕಗಳಲ್ಲಿ ಆ ಸಂಖ್ಯೆಯನ್ನೇ ಬಿಟ್ಟು ಉಳಿದವುಗಳ ಮೊತ್ತ ಅದಕ್ಕೇ ಸಮನಾದರೆ ಅದು ಪರಿಪೂರ್ಣ. ಅದನ್ನೂ ಸೇರಿಸಿಕೊಂಡರೆ ಮೊತ್ತ ಅದರ ಎರಡರಷ್ಟಾಗಬೇಕು. ನಿಮ್ಮ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತ ಹೋದರೆ ಹನ್ನೆರಡು ಸಲ ನಿಶ್ಶೇಷವಾಗಿ ಭಾಗವಾಗಿ ಕೊನೆಗೆ 8191 ಉಳಿಯುತ್ತದೆ, ಅಂದರೆ ಅದು 4096 × 8191. ಇದರಲ್ಲಿ 8191 ಅವಿಭಾಜ್ಯವಾಗಿದ್ದರೆ, 1, 2, 4 ಎಂದು ಇಮ್ಮಡಿಯಾಗುತ್ತ 4096ರವರೆಗೆ ಬರುವ ಹದಿಮೂರು ಸಂಖ್ಯೆಗಳು ಮತ್ತು ಅವುಗಳನ್ನು 8191ರಿಂದ ಗುಣಿಸಿದಾಗ ಸಿಗುವ ಇನ್ನು ಹದಿಮೂರು, ಹೀಗೆ ಒಟ್ಟು 26 ಭಾಜಕಗಳಾಗುತ್ತವೆ. ಮೊದಲ ಗುಂಪಿನ ಮೊತ್ತ 8191, ಎರಡನೆಯದು ಅದರ 8191 ಪಟ್ಟು. ಎರಡೂ ಸೇರಿದರೆ 8191 × 8192, ಅಂದರೆ 6,71,00,672. ಇದು ಸರಿಯಾಗಿ ನಿಮ್ಮ ಸಂಖ್ಯೆಯ ಎರಡರಷ್ಟು.

ಇನ್ನು ಉಳಿದದ್ದು 8191 ನಿಜವಾಗಿಯೂ ಅವಿಭಾಜ್ಯವೇ ಎಂಬುದು. ಅದರ ವರ್ಗಮೂಲ 91ಕ್ಕಿಂತ ಕಡಿಮೆಯಾದ್ದರಿಂದ 89ರವರೆಗಿನ 24 ಅವಿಭಾಜ್ಯಗಳಿಂದ ಭಾಗಿಸಿ ನೋಡಬಹುದು, ಆದರೆ ಅಷ್ಟು ಶ್ರಮವೂ ಬೇಡ. 8191 ಎಂಬುದು 2ರ 13ನೆಯ ಘಾತಕ್ಕಿಂತ ಒಂದು ಕಡಿಮೆ. ಫರ್ಮಾನ ಪ್ರಮೇಯದ ಪ್ರಕಾರ ಇಂಥ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕವನ್ನು 26ರಿಂದ ಭಾಗಿಸಿದರೆ 1 ಶೇಷ ಉಳಿಯಲೇಬೇಕು. ನಮ್ಮ ಮಿತಿಯೊಳಗೆ ಹಾಗಿರುವ ಅವಿಭಾಜ್ಯಗಳು 53 ಮತ್ತು 79 ಮಾತ್ರ. ಮೊದಲನೆಯದರಿಂದ ಭಾಗಿಸಿದರೆ 29, ಎರಡನೆಯದರಿಂದ ಭಾಗಿಸಿದರೆ 54 ಶೇಷ ಉಳಿಯುತ್ತದೆ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಅಂತರಕ್ಕೂ ಕಾರಣ ಇಲ್ಲೇ ಇದೆ. ಈ ರೀತಿಯಲ್ಲಿ ಪರಿಪೂರ್ಣ ಸಂಖ್ಯೆಗಳನ್ನು ಕಟ್ಟಬಹುದೆಂದು ಯೂಕ್ಲಿಡ್ ತೋರಿಸಿದ. ಸಮಸಂಖ್ಯೆಗಳಲ್ಲಿ ಬೇರೆ ರೀತಿಯವು ಇರಲಾರವೆಂದು ಆಯ್ಲರ್ ಸಾಧಿಸಿದ. 2ರ ಘಾತಾಂಕವೂ (8191ಕ್ಕೆ 13 ಇರುವಂತೆ) ಅವಿಭಾಜ್ಯವಾಗಿರಬೇಕು. 8128 ಎಂಬುದು 64 × 127, ಇದರಲ್ಲಿ 127ರ ಘಾತಾಂಕ 7, ಆದ್ದರಿಂದ ಮುಂದಿನ ಸರದಿ 11ರದು. ಆದರೆ ಅಲ್ಲಿ ಸಿಗುವ 2047 ಎಂಬುದು 23 × 89 ಆಗಿ ಒಡೆಯುತ್ತದೆ. ಹಾಗಾಗಿ 13ಕ್ಕೆ ಜಿಗಿಯಬೇಕಾಗುತ್ತದೆ.

ಬೇರೆ ವಿಶೇಷಗಳಲ್ಲಿ ನನಗೆ ಮುಖ್ಯವೆನಿಸುವವು ಎರಡು. 1ರಿಂದ 8191ರವರೆಗಿನ ಎಲ್ಲ ಸಂಖ್ಯೆಗಳ ಮೊತ್ತ ಇದೇ ಆದ್ದರಿಂದ ಇದು ತ್ರಿಕೋನ ಸಂಖ್ಯೆ. 1ರಿಂದ 127ರವರೆಗಿನ 64 ಬೆಸಸಂಖ್ಯೆಗಳ ಘನಗಳನ್ನು ಕೂಡಿಸಿದರೂ ಇದೇ ಬರುತ್ತದೆ. ಅಂಕಿಗಳ ಮೊತ್ತ 28, ಅದೂ ಒಂದು ಪರಿಪೂರ್ಣ ಸಂಖ್ಯೆ ಎಂದು ಕೆಲವರು ಬೆರಗಾಗುವುದುಂಟು. ಅದು ಕೇವಲ ಆಕಸ್ಮಿಕ. 6ನ್ನು ಬಿಟ್ಟು ಸಮ ಪರಿಪೂರ್ಣ ಸಂಖ್ಯೆಗಳೆಲ್ಲ 9ರಿಂದ ಭಾಗಿಸಿದಾಗ 1 ಶೇಷ ಉಳಿಸುತ್ತವೆ ಎಂಬುದಷ್ಟೇ ಅದರ ಹಿಂದಿರುವ ನಿಯಮ.

ಮೊದಲ ನಾಲ್ಕರಲ್ಲಿ ಒಂದಂಕಿಯದು, ಎರಡಂಕಿಯದು, ಮೂರಂಕಿಯದು, ನಾಲ್ಕಂಕಿಯದು ಒಂದೊಂದೇ ಇರುವುದನ್ನೂ, ಕೊನೆಯ ಅಂಕಿ 6 ಮತ್ತು 8 ಆಗಿ ಸರದಿಯಂತೆ ಬರುವುದನ್ನೂ ಕಂಡು, ಇದೇ ಕ್ರಮ ಮುಂದೆಯೂ ನಡೆಯುತ್ತದೆಂದು ಪ್ರಾಚೀನ ಗ್ರೀಕ್ ಗಣಿತಜ್ಞ ನಿಕೊಮಾಕಸ್ ನಂಬಿದ್ದ. ಎಂಟು ಅಂಕಿಗಳ ಈ ಸಂಖ್ಯೆ ಮೊದಲ ನಂಬಿಕೆಯನ್ನು ಸುಳ್ಳು ಮಾಡಿತು; ಆರನೆಯದಾದ 8,58,98,69,056 ಕೂಡ 6ರಲ್ಲೇ ಮುಗಿದು ಎರಡನೆಯದನ್ನೂ ಅಳಿಸಿಹಾಕಿತು.